ಬಾಸ್ ಗಿಟಾರಿನ ಕೀಲಿ ತಿರುಗಿಸಿದ ದಿನ

ಹೋದ ವರ್ಷ ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಆಲೂರಿನಲ್ಲಿ ನನ್ನ ಗಂಡನ ಅಕ್ಕನ ಮಗಳು ಮಂಜುಳಾಳ ಮದುವೆಯಾಯಿತು. ಆ ಮದುವೆಯ ಆರತಕ್ಷತೆಯಲ್ಲಿ ನಾನು ಆರ್ಕೆಸ್ಟ್ರಾದವರ ಜೊತೆ ನಿಂತು ಬಾಸ್ ಗಿಟಾರ್ ನುಡಿಸಿದೆ. ಒಂದೇ ಒಂದು ಹಾಡಿಗೆ. ಕೇಳಿದವರು ಇಷ್ಟರಲ್ಲಿ ಮರೆತಿರಬಹುದು. ನನಗೆ ಮಾತ್ರ ಆ ಮಧ್ಯಾಹ್ನ ಇನ್ನೂ ಮುಗಿದಿಲ್ಲ.

ನಾನು ಆದೋನಿಯವಳು. ಇಲ್ಲಿನ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದ್ದೇನೆ. ಮನೆಯಲ್ಲೇ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನಮ್ಮ ಮನೆಯವರು ಹಗಲು ಹತ್ತಿ ವ್ಯಾಪಾರಿಯೊಬ್ಬರ ಮಂಡಿಯಲ್ಲಿ ಕೆಲಸಕ್ಕಿದ್ದರು. ಮದುವೆ, ಸೀಮಂತ, ಗೃಹಪ್ರವೇಶಗಳಿದ್ದಾಗ ಊರಿನ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸಲು ಹೋಗುತ್ತಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ನನ್ನ ಮದುವೆಯ ದಿನ ಹೆಂಗಸರೆಲ್ಲ ಸುತ್ತ ಕುಳಿತು ಕಾಡಿದ್ದಕ್ಕೆ ಒಡಪು ಹಾಕಿ, ಎರಡು ಸಾಲಿನ ಪದ್ಯದಲ್ಲಿ ಹೆಸರು ಸೇರಿಸಿ, ಒಮ್ಮೆ ಹೇಳಿದ್ದೆ. ಆಮೇಲೆ ವರ್ಷಗಟ್ಟಲೆ ಹೇಳಲಿಲ್ಲ. ಇಲ್ಲಿಯೂ 'ನಮ್ಮ ಮನೆಯವರು' ಎಂದೇ ಬರೆಯುತ್ತಿದ್ದೇನೆ.

ಬಾಸ್ ಗಿಟಾರನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಮಾಮೂಲಿ ಗಿಟಾರಿಗೆ ಆರು ತೆಳುವಾದ ತಂತಿಗಳಿರುತ್ತವೆ. ಇದರ ಕತ್ತು ಉದ್ದ, ತಂತಿ ದಪ್ಪ, ಇರುವುದು ನಾಲ್ಕೇ. ಹಾಡನ್ನು ಇದು ನುಡಿಸುವುದಿಲ್ಲ. ಹಾಡಿನ ಕೆಳಗೆ ಗುಂ, ಗುಂ ಎಂದು ನಡೆಯುತ್ತಿರುತ್ತದೆ. ಮದುವೆಗಳಲ್ಲಿ ಯಾರಾದರೊಬ್ಬ ಹಿರಿಯರು ವೇದಿಕೆಯ ಹತ್ತಿರ ಬಂದು ನಮ್ಮ ಮನೆಯವರನ್ನು ಕೇಳಿಯೇ ಕೇಳುತ್ತಿದ್ದರು:

"ಏನಪಾ, ಎರಡು ತಂತಿ ಕಿತ್ತುಹೋಗ್ಯಾವೇನು?"

"ಇಲ್ರಿ, ಬಟ್ಟಿ ಒಣಹಾಕಾಕ ಬೇಕಂತ ಹೆಂಡ್ತಿ ಇಟ್ಟುಕೊಂಡಾಳ" ಎಂದು ಇವರು ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದರು. ಕೆಲವರು ನಂಬಿಯೂ ಬಿಡುತ್ತಿದ್ದರು. ಒಮ್ಮೆ ಪೆದ್ದಕಡುಬೂರಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದು, "ಗಂಡಸು ದುಡಿಯೋ ಸಾಮಾನಿಗೆ ಕೈ ಹಾಕಬಾರದವಾ" ಎಂದು ಬುದ್ಧಿ ಹೇಳಿ ಹೋಗಿದ್ದಳು.

ನನಗೂ ಮೊದಮೊದಲು ಈ ವಾದ್ಯದ ಮೇಲೆ ಗೌರವವಿರಲಿಲ್ಲ. "ನೀವು ಬಾರಿಸೋದು ನನಗ ಕೇಳಸಂಗೇ ಇಲ್ಲ. ಹಾಡೋರದು ಕೇಳಸ್ತೈತಿ, ಡ್ರಮ್ ಕೇಳಸ್ತೈತಿ. ನೀವು ಸುಮ್ಮನ ನಿಂತಂಗ ಕಾಣತೀರಿ" ಎಂದಿದ್ದೆ. ಇವರು ಜಗಳಕ್ಕೆ ಬರಲಿಲ್ಲ. "ಮುಂದಿನ ಸಲ ಬಂದಾಗ ಕೇಳಸ್ತೀನಿ ತಡಿ" ಎಂದರು. ಎಮ್ಮಿಗನೂರಿನ ಒಂದು ಮದುವೆಯಲ್ಲಿ ಹಾಡು ಜೋರಾಗಿ ಸಾಗುತ್ತಿದ್ದಾಗ ನನ್ನ ಕಡೆ ನೋಡಿ ಕೈ ಎತ್ತಿಬಿಟ್ಟರು. ಹಾಡು ನಿಲ್ಲಲಿಲ್ಲ, ಡ್ರಮ್ ನಿಲ್ಲಲಿಲ್ಲ. ಆದರೂ ನಾನು ಕುಳಿತಿದ್ದ ಕುರ್ಚಿಯ ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡಂತಾಯಿತು. ಮತ್ತೆ ತಂತಿ ಮುಟ್ಟಿದರು, ನೆಲ ವಾಪಸ್ಸು ಬಂತು. ಅವತ್ತಿನಿಂದ ನಾನು ಯಾವ ಹಾಡು ಕೇಳಿದರೂ ಮೊದಲು ಬಾಸ್ ಎಲ್ಲಿದೆ ಎಂದೇ ಹುಡುಕುತ್ತೇನೆ.

ಮನೆಯಲ್ಲಿ ಗಿಟಾರಿಗೆ ಜೋಡಿಸುವ ಸ್ಪೀಕರ್ ಇರಲಿಲ್ಲ. ಇವರು ಗಿಟಾರಿನ ತುದಿಯನ್ನು ನಮ್ಮ ಕಟ್ಟಿಗೆಯ ಕಪಾಟಿಗೆ ಒತ್ತಿ ಹಿಡಿದು ಅಭ್ಯಾಸ ಮಾಡುತ್ತಿದ್ದರು. ತಂತಿ ಮೀಟಿದರೆ ಕಪಾಟೇ ಗುಂಯ್ ಎನ್ನುತ್ತಿತ್ತು. ನಾನು ಸಂಜೆ ರವಿಕೆಗೆ ಹುಕ್ಕು ಹಚ್ಚುವಾಗ ಆ ಕಪಾಟಿಗೇ ಬೆನ್ನು ಕೊಟ್ಟು ಕೂರುತ್ತಿದ್ದೆ. ಮಂಜುಳಾ ಚಿಕ್ಕವಳಿದ್ದಾಗ ರಜೆಗೆ ನಮ್ಮ ಮನೆಗೆ ಬಂದರೆ ಅವಳೂ ಅಲ್ಲೇ ಒರಗಿ ನಿದ್ದೆ ಹೋಗುತ್ತಿದ್ದಳು. ಹೀಗೆ ನಾವಿಬ್ಬರೂ ಬಾಸ್ ಕೇಳಿದ್ದು ಕಿವಿಗಿಂತ ಹೆಚ್ಚು ಬೆನ್ನಿನಿಂದ.

ಇವರಿಗೆ ಇಷ್ಟವಾದ ಬಾಸ್ ವಾದಕರು ಬಹಳ ಜನ ಇದ್ದರು. ಯಾರ ಹೆಸರೂ ಇವರಿಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಕವರಿನ ಮೇಲೆ ಹಾಡು ಬರೆದವರ ಹೆಸರು, ಸಂಗೀತ ಕೊಟ್ಟವರ ಹೆಸರು, ಹಾಡಿದವರ ಹೆಸರು ಇರುತ್ತಿತ್ತು. ಬಾಸ್ ನುಡಿಸಿದವರ ಹೆಸರು ಒಂದರಲ್ಲೂ ಇರಲಿಲ್ಲ. ಅದಕ್ಕೆ ಇವರೇ ಅವರಿಗೆ ಹೆಸರಿಟ್ಟಿದ್ದರು. ಒಬ್ಬ 'ನಡೆಯುವವ'. ಅವನು ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುತ್ತಿರಲಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಹೊರಟ ಮನುಷ್ಯನಂತೆ ಅವಸರವಿಲ್ಲದೆ ಹೆಜ್ಜೆ ಹಾಕುತ್ತಿದ್ದ. ಹಾಡುವವರು ಎಷ್ಟು ಕುಣಿದಾಡಿದರೂ ಅವನ ಹೆಜ್ಜೆ ತಪ್ಪುತ್ತಿರಲಿಲ್ಲ. ಇನ್ನೊಬ್ಬ 'ಜಾರುವವ'. ಅವನ ಬೆರಳು ತಂತಿಯನ್ನು ಬಿಡದೆ ಮೇಲಿಂದ ಕೆಳಕ್ಕೆ ಜಾರಿ ಬರುತ್ತಿತ್ತು. ದುಃಖದ ಹಾಡಿನಲ್ಲಿ ಅವನನ್ನು ಕೇಳಿದರೆ, ಯಾರೋ ನಿಟ್ಟುಸಿರು ಬಿಟ್ಟಂತಾಗುತ್ತಿತ್ತು.

ಆದರೆ ಇವರು ಎಲ್ಲರಿಗಿಂತ ಹೆಚ್ಚು ಮೆಚ್ಚಿದ್ದು 'ತಡಮಾಡುವವ'ನನ್ನು. ಅವನು ಚರಣದ ಸಾಲು ಶುರುವಾದ ಕೂಡಲೇ ಬರುತ್ತಿರಲಿಲ್ಲ. ಹಾಡುವವಳನ್ನು ಒಂದೆರಡು ಮಾತು ಒಬ್ಬಳೇ ಆಡಲು ಬಿಟ್ಟು, ಬಾಗಿಲಲ್ಲಿ ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದವನಂತೆ ಮೆಲ್ಲಗೆ ಬರುತ್ತಿದ್ದ. ಬಂದ ಮೇಲೆ ಹಾಡಿಗೆ ಬೇರೆಯದೇ ಧೈರ್ಯ ಬರುತ್ತಿತ್ತು. ಒಂದು ಹಳೆಯ ತೆಲುಗು ಸಿನಿಮಾ ಹಾಡಿನಲ್ಲಿ ಅವನ ಈ ಗುಣ ಚೆನ್ನಾಗಿ ತಿಳಿಯುತ್ತದೆ. ಇವರು ಅದನ್ನು ಎಷ್ಟು ಸಲ ಹಾಕಿ ಕೇಳಿದರೋ.

"ಸುಮ್ಮನಿರೋದಕ್ಕೂ ಕೈ ಬೇಕು ನೋಡು. ಬಾರಿಸೋರು ಭಾಳ ಮಂದಿ ಅದಾರ. ಇಂವ ಕಾಯ್ತಾನ" ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ಬೇಜಾರಿನಿಂದ, "ಇಷ್ಟು ವರ್ಷ ಇವನ ಹಿಂದ ಹೊಂಟೀನಿ. ಇವನ ಹೆಸರು ಏನು, ಯಾವ ಊರು, ಅದಾನೋ ಇಲ್ಲೋ, ಒಂದೂ ಗೊತ್ತಿಲ್ಲ" ಎನ್ನುತ್ತಿದ್ದರು.

ಮಂಜುಳಾಳಿಗೆ ಆ ಹಾಡೆಂದರೆ ಪ್ರಾಣ. "ಮಾಮಾ, ನನ್ನ ಮದುವ್ಯಾಗ ಇದನ್ನ ಬಾರಿಸಬೇಕು" ಎಂದಿದ್ದಳು. "ಬಾರಿಸ್ತೀನಿ. ನಿನ್ನ ಗಂಡ ಬ್ಯಾಡ ಅಂದರೂ ಬಾರಿಸ್ತೀನಿ" ಎಂದು ಇವರು ಮಾತು ಕೊಟ್ಟಿದ್ದರು.

ಆ ಮದುವೆಗೆ ಮುಂಚಿನ ಮಳೆಗಾಲದಲ್ಲಿ ಇವರು ಹೋಗಿಬಿಟ್ಟರು. ಮಂಡಿಯಲ್ಲಿ ಹತ್ತಿ ಅಂಡಿಗೆಗಳ ನಡುವೆ ನಿಂತಿದ್ದವರು ಎದೆ ಹಿಡಿದುಕೊಂಡು ಕುಳಿತರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಬಗ್ಗೆ ಹೆಚ್ಚು ಬರೆಯುವ ಶಕ್ತಿ ನನಗಿಲ್ಲ.

ಹಿಂದಿನ ಸಂಜೆ ಇವರು ಗಿಟಾರಿನ ತಂತಿಗಳನ್ನು ಬಿಗಿ ಮಾಡಿ, ಒಂದಿಷ್ಟು ಹೊತ್ತು ನುಡಿಸಿ, ಕಪಾಟಿನ ಪಕ್ಕ ಒರಗಿಸಿಟ್ಟಿದ್ದರು. ಗಿಟಾರಿನ ತಲೆಯ ಹತ್ತಿರ ತಂತಿಗೊಂದರಂತೆ ಕೀಲಿಗಳಿರುತ್ತವೆ. ಅವನ್ನು ತಿರುಗಿಸಿ ಶ್ರುತಿ ಮಾಡಬೇಕು. ಇವರು ಕೊನೆಯದಾಗಿ ತಿರುಗಿಸಿದ ಹಾಗೆಯೇ ಆ ಕೀಲಿಗಳು ನಿಂತಿದ್ದವು. ನಾನು ರವಿಕೆ ಬಟ್ಟೆಯ ಅಸ್ತರಿನಿಂದ ಅದಕ್ಕೊಂದು ಗವಸು ಹೊಲಿದು ಹಾಕಿದೆ. ದೂಳು ಒರೆಸುವಾಗಲೂ ಕೀಲಿಗಳಿಗೆ ಕೈ ತಾಗದಂತೆ ಒರೆಸುತ್ತಿದ್ದೆ. ಮನೆಗೆ ಬಂದವರು ಯಾರಾದರೂ ಮುಟ್ಟಲು ಹೋದರೆ ನನ್ನ ದನಿ ಏರುತ್ತಿತ್ತು. ಇವರ ಅಂಗಿಗಳನ್ನು ಕೊಟ್ಟೆ, ಚಪ್ಪಲಿ ಕೊಟ್ಟೆ. ಅದೊಂದು ಮಾತ್ರ ಇವರ ಕೈ ಇಟ್ಟ ಹಾಗೇ ಇರಲಿ ಎಂದು ಹಟ ಹಿಡಿದೆ.

ಮದುವೆ ಗೊತ್ತಾದಾಗ ಇವರ ಅಕ್ಕ ಶಾರದಮ್ಮ ಕರೆಯಲು ಬಂದರು. ಗವಸು ಹಾಕಿದ ಗಿಟಾರನ್ನು ನೋಡಿ ಕಣ್ಣೊರೆಸಿಕೊಂಡರು. ಆರ್ಕೆಸ್ಟ್ರಾ ನಮ್ಮವರದೇ ಇರುತ್ತದೆ, ಡ್ರಮ್ ಬಾರಿಸುವ ಮಾಬು ಅಣ್ಣ ತಾವಾಗಿಯೇ ಒಪ್ಪಿಕೊಂಡಿದ್ದಾರೆ ಎಂದರು.

"ಮತ್ತ ಬಾಸ್ ಯಾರು ಅಕ್ಕಾ?" ಎಂದು ಕೇಳಿದೆ.

"ಅದಕ್ಕ ಈಗ ಮನಷಾ ಬೇಕಿಲ್ಲಂತ. ಕೀಬೋರ್ಡಿನ್ಯಾಗೇ ಬರತೈತಂತ. ಗುಂಡಿ ಒತ್ತಿದ್ರ ಸಾಕಂತ" ಎಂದರು ಶಾರದಮ್ಮ. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು.

"ಮಂಜುಳಾಗ ಮಾತು ಕೊಟ್ಟ ಹಾಡು ಐತಲ್ಲಕ್ಕಾ. ಅದಕ್ಕ ನಾನು ಬಾರಿಸ್ತೀನಿ."

ಶಾರದಮ್ಮ ನನ್ನನ್ನೇ ನೋಡಿದರು. "ನಿನಗ ಎಲ್ಲಿ ಬರತೈತಿ?"

"ಬರಂಗಿಲ್ಲ. ಕಲೀತೀನಿ."

"ಬೀಗರು ಇರ್ತಾರ, ಮಂದಿ ಇರ್ತಾರ. ಗಂಡ ಸತ್ತು ವರ್ಷ ಆಗಿಲ್ಲ, ಸ್ಟೇಜ್ ಹತ್ತಿ ನಿಂತಾಳ ಅಂತಾರ."

"ನಾನೇನು ಕುಣಿಯಾಕ ಹತ್ತತೀನೇನಕ್ಕಾ? ನಿಮ್ಮ ತಮ್ಮ ಕೊಟ್ಟ ಮಾತು ತೀರಸಾಕ ಹತ್ತತೀನಿ."

ಶಾರದಮ್ಮ ಸೆರಗು ಹೊದ್ದು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಚೊಲೋ ಕಲಿ ಮತ್ತ. ಅಂವಗ ಅರೆಬರೆ ಬಾರಿಸಿದ್ರ ಸಿಟ್ಟು ಬರ್ತಿತ್ತು" ಎಂದರು.

ಮರುದಿನದಿಂದ ಕಪಾಟಿಗೆ ಗಿಟಾರಿನ ತುದಿ ಒತ್ತಿ ಕುಳಿತೆ. ಈ ಸಲ ಬೆನ್ನು ಕೊಡುವವರು ಯಾರೂ ಇರಲಿಲ್ಲ. ತಂತಿ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು. ಸೂಜಿ ಹಿಡಿಯಲೂ ಆಗದೆ ಒಬ್ಬಿಬ್ಬರ ರವಿಕೆ ತಡವಾಯಿತು. ಇವರ ಬೆರಳು ಎಲ್ಲೆಲ್ಲಿ ಹೋಗುತ್ತಿತ್ತು ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ವರ್ಷಗಟ್ಟಲೆ ನೋಡಿದ್ದೆನಲ್ಲ. ಅದೇ ಜಾಗಗಳನ್ನು ಒತ್ತಿದೆ. ಕಪಾಟಿನೊಳಗಿಂದ ಹಾಡು ಮೆಲ್ಲಗೆ ಕಾಲೂರಿತು. ಹಾಗೆ ಅದು ಬಂದಾಗ ನಾನು ಅಳುವುದನ್ನು ಬಿಟ್ಟು ಇನ್ನೊಮ್ಮೆ ನುಡಿಸುತ್ತಿದ್ದೆ. ಅಳುತ್ತ ಕುಳಿತರೆ ತಾಳ ತಪ್ಪುತ್ತಿತ್ತು.

ಆದರೆ ಒಂದು ಸಮಸ್ಯೆ ಬಂತು. ಮೊಬೈಲಿನಲ್ಲಿ ಆ ಹಾಡು ಹಾಕಿ ಅದರ ಜೊತೆ ನುಡಿಸಲು ಹೋದರೆ ಒಂದೂ ಹೊಂದುತ್ತಿರಲಿಲ್ಲ. ಹಾಡು ಒಂದು ಕಡೆ, ನನ್ನ ತಂತಿ ಒಂದು ಕಡೆ. ಕೇಳಿದರೆ ಹಲ್ಲು ಜುಂ ಎನ್ನುವಂತಿತ್ತು. ಸಾಲದ್ದಕ್ಕೆ ಮೊಬೈಲಿನ ಹಾಡು ನನಗಿಂತ ಮುಂದೆ ಮುಂದೆ ಓಡುತ್ತಿತ್ತು. ಇವರ ಜೊತೆ ಎಷ್ಟೋ ಸಲ ಕೇಳಿದ ಹಾಡು, ಆದರೆ ನುಡಿಸಲು ಕುಳಿತಾಗಲೇ ಅದು ಅಷ್ಟು ಬೇಗ ಹೋಗುತ್ತದೆಂದು ಗೊತ್ತಾದದ್ದು. ಮಂಜುಳಾ ಬಂದು ನನ್ನ ಮೊಬೈಲಿಗೆ ಶ್ರುತಿ ನೋಡುವ ಒಂದು ಆಪ್ ಹಾಕಿಕೊಟ್ಟಳು. ತಂತಿ ಮೀಟಿದರೆ ಮುಳ್ಳು ನಡುವೆ ನಿಲ್ಲಬೇಕು. ನಾಲ್ಕೂ ತಂತಿಗೆ ಮುಳ್ಳು ಎಡಕ್ಕೆ ಬಿದ್ದು ಕೆಂಪಗಾಯಿತು. ಎಲ್ಲವೂ ಸರಿಸುಮಾರು ಒಂದೇ ಸಮನೆ ಇಳಿದಿದ್ದವು.

"ಅತ್ತೀ, ಕೀಲಿ ಒಂದಿಷ್ಟು ತಿರುವಿದ್ರ ಆತು" ಎಂದಳು.

"ಬ್ಯಾಡ" ಎಂದೆ.

"ಮತ್ತ ಹೆಂಗ ಬಾರಿಸ್ತಿ?"

ಕೀಲಿ ತಿರುಗಿಸಿದರೆ ಇವರು ಕೊನೆಗೆ ಮುಟ್ಟಿ ನಿಲ್ಲಿಸಿದ್ದು ಹೋಗುತ್ತದೆ. ತಿರುಗಿಸದಿದ್ದರೆ ಇವರು ಕೊಟ್ಟ ಮಾತು ಉಳಿಯುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಅಷ್ಟು ದಿನ ನುಡಿಸುವುದು ಕಷ್ಟ ಎಂದುಕೊಂಡಿದ್ದೆ. ನಿಜವಾದ ಕಷ್ಟ ಈಗ ಎದುರಿಗೆ ಬಂದು ಕುಳಿತಿತ್ತು.

ಮಾಬು ಅಣ್ಣನಿಗೆ ಫೋನ್ ಮಾಡಿದೆ. "ತಂತಿ ಎಲ್ಲಾ ಇಳದಾವಣ್ಣಾ. ನನ್ನ ಕೈಲಿ ಆಗಂಗಿಲ್ಲೇನೋ" ಎಂದೆ. ಅವರು, "ನಕ್ಕೋ ಬೇಟಿ, ಏನೂ ಮಾಡಬ್ಯಾಡ. ಐತವಾರ ನಮ್ಮ ಮನಿಗೆ ಹಂಗೇ ತಗೊಂಡು ಬಾ. ಕೀಲಿ ಮುಟ್ಟಬ್ಯಾಡ ಮಾತ್ರ" ಎಂದರು.

ಭಾನುವಾರ ಬೆಳಿಗ್ಗೆ ಮಾಬು ಅಣ್ಣನ ಅಂಗಳದ ಬೇವಿನ ಗಿಡದ ಕೆಳಗೆ ಆರ್ಕೆಸ್ಟ್ರಾದವರು ಸೇರಿದ್ದರು. ಹಾಡುವ ಪದ್ಮಕ್ಕ ಪೆದ್ದಕಡುಬೂರಿನಿಂದ ಬಂದಿದ್ದರು. ಕೀಬೋರ್ಡಿನ ಸುರೇಂದ್ರ ತೆಲುಗು ಮನೆಯವನು, ಮದುವೆಯಾಗಿ ಎರಡು ಮಕ್ಕಳ ತಂದೆ. ನನ್ನ ಗಿಟಾರನ್ನು ಸ್ಪೀಕರಿಗೆ ಜೋಡಿಸಿದರು.

"ಅಣ್ಣಾ, ಮೊದಲೇ ಹೇಳ್ತೀನಿ. ಹೊಂದಂಗಿಲ್ಲ" ಎಂದೆ.

"ಹೊಂದದಿದ್ರ ನಿನಗ ಬಿರಿಯಾನಿ ಇಲ್ಲ, ಅಷ್ಟೇ ತಾನೇ? ನೀವು ಹೆಂಗೂ ತಿನ್ನಂಗಿಲ್ಲ" ಎಂದು ಮಾಬು ಅಣ್ಣ ಕೋಲಿನಿಂದ ನಾಲ್ಕು ಎಣಿಸಿಯೇಬಿಟ್ಟರು.

ಪದ್ಮಕ್ಕ ಹಾಡತೊಡಗಿದರು. ನಾನು ಕಣ್ಣು ಮುಚ್ಚಿ ಮೊದಲ ಸ್ವರ ಒತ್ತಿದೆ. ಅದು ಹೊಂದಿತು. ಎರಡನೆಯದೂ ಹೊಂದಿತು. ಮೊಬೈಲಿನಲ್ಲಿ ಓಡುತ್ತಿದ್ದ ಹಾಡು ಇಲ್ಲಿ ಓಡಲಿಲ್ಲ. ನಮ್ಮ ಕಪಾಟಿನಲ್ಲಿ ನಡೆಯುತ್ತಿದ್ದಷ್ಟೇ ನಿಧಾನವಾಗಿ ನಡೆಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ನನಗೆ ಏನಾಗುತ್ತಿದೆಯೆಂದೇ ತಿಳಿಯದೆ ಕೈ ನಿಲ್ಲಿಸಿದೆ.

"ಇದೆಂಗಣ್ಣಾ?"

ಮಾಬು ಅಣ್ಣ ಕೋಲು ಕೆಳಗಿಟ್ಟು ನಕ್ಕರು. ಆಗ ಹೇಳಿದರು. ನಮ್ಮ ಮನೆಯವರೂ ಮಾಬು ಅಣ್ಣನೂ ಹುಡುಗರಿದ್ದಾಗ ಹಾಡು ಕಲಿತದ್ದೆಲ್ಲ ಹತ್ತಿ ಮಂಡಿಯ ಸಾಹುಕಾರರ ಟೇಪ್ ರೆಕಾರ್ಡರಿನಿಂದ. ಅದರೊಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಕ್ಯಾಸೆಟ್ಟು ನಿಧಾನವಾಗಿ ತಿರುಗುತ್ತಿತ್ತು. ಹಾಡುಗಳೆಲ್ಲ ಅರ್ಧ ಸ್ವರ ಕೆಳಗೆ, ಒಂದಿಷ್ಟು ನಿಧಾನವಾಗಿ ಕೇಳುತ್ತಿದ್ದವು. ಇವರಿಗೆ ಅದು ಗೊತ್ತಿರಲಿಲ್ಲ. ತಂತಿಗಳನ್ನು ಅದಕ್ಕೇ ಇಳಿಸಿ ಕಲಿತರು. ಪದ್ಮಕ್ಕನೂ ಅದೇ ಟೇಪು ಕೇಳಿ ಹಾಡು ಕಲಿತರು. ಬಹಳ ವರ್ಷದ ಮೇಲೆ ಬಳ್ಳಾರಿಯಿಂದ ಒಬ್ಬ ಗಿಟಾರಿನವನು ಒಂದು ಕಾರ್ಯಕ್ರಮಕ್ಕೆ ಬಂದು, "ಏನ್ರಪಾ, ಊರಿಗೂರೇ ಅರ್ಧ ಮೆಟ್ಟಲು ಇಳಿದು ಕುಂತೀರಿ" ಎಂದು ನಕ್ಕಾಗಲೇ ತಪ್ಪು ತಿಳಿದದ್ದು.

"ಆಗ ಸರಿ ಮಾಡೋಣ ಅಂದೆ ನಾನು" ಎಂದರು ಮಾಬು ಅಣ್ಣ. "ನಿನ್ನ ಗಂಡ ಬ್ಯಾಡ ಅಂದ. ಪದ್ಮಕ್ಕನ ಗಂಟಲು ಅಲ್ಲಿ ಆರಾಮ ಕುಂತೈತಿ, ಆಕಿನ್ನ ಎಬ್ಬಿಸಬ್ಯಾಡ ಅಂದ."

"ಹೌದವಾ" ಎಂದರು ಪದ್ಮಕ್ಕ. "ಮ್ಯಾಲಿನ ಶ್ರುತಿ ನನಗ ಏರತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ನಾನು. ಅಂವಗ ಹೆಂಗೋ ತಿಳಿದಿತ್ತು."

ಸುರೇಂದ್ರ ತನ್ನ ಕೀಬೋರ್ಡಿನ ಪುಟ್ಟ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ 'ಮೈನಸ್ ಒಂದು' ಎಂದಿತ್ತು, ಅಂದರೆ ಅರ್ಧ ಸ್ವರ ಕೆಳಗೆ. "ನಾನು ಬಂದ ಮೊದಲನೇ ದಿನ ಅನ್ನಯ್ಯ ಒತ್ತಿದ್ದು ಅಕ್ಕಾ ಇದು. ಯಾಕೆ ಅಂತ ಕೇಳಿದರೆ, ಉಂಡನಿಲೇರಾ ಅಂದರು, ಇರಲಿ ಬಿಡೋ ಅಂತ. ಅನ್ನಯ್ಯ ಹೋದ ಮೇಲೂ ನಾನು ಇದನ್ನ ತೆಗೀಲೇ ಇಲ್ಲ. ಮನಸ್ಸು ಬರಲಿಲ್ಲ."

ನಾನು ಆ ಪರದೆಯನ್ನೇ ನೋಡುತ್ತ ಕುಳಿತೆ. ಇವರ ಕೈ ನಮ್ಮ ಮನೆಯ ಗಿಟಾರಿನ ಮೇಲೆ ಮಾತ್ರ ಉಳಿದಿದೆ ಎಂದುಕೊಂಡಿದ್ದೆ. ಪದ್ಮಕ್ಕನ ಗಂಟಲಲ್ಲಿ, ಸುರೇಂದ್ರನ ಗುಂಡಿಯಲ್ಲಿ, ಮಾಬು ಅಣ್ಣನ ನಿಧಾನದ ಕೋಲಿನಲ್ಲಿ ಕೂಡ ಅದು ಇಷ್ಟು ದಿನ ಇದ್ದೇ ಇತ್ತು. ಅವತ್ತು ನಾನು ಮನಸಾರೆ ನುಡಿಸಿದೆ. ಕೀಲಿ ಮುಟ್ಟುವ ಅಗತ್ಯವೇ ಬೀಳಲಿಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಬಂದೆ.

ಆ ಸಮಾಧಾನ ಆಲೂರಿನವರೆಗೆ ಮಾತ್ರ ಉಳಿಯಿತು.

ಮದುವೆಯ ದಿನ ಆರತಕ್ಷತೆ ಮಧ್ಯಾಹ್ನ ಊಟದ ಹೊತ್ತಿಗೇ ಇತ್ತು. ಕಲ್ಯಾಣ ಮಂಟಪದ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿ ವೇದಿಕೆ ಮಾಡಿದ್ದರು. ಬಿಸಿಲಿಗೆ ವೇದಿಕೆಯ ಹಲಗೆ ಕಾದು ಕಾಲು ಇಡಲಾಗುತ್ತಿರಲಿಲ್ಲ. ಗಿಟಾರನ್ನು ಆದೋನಿಯಿಂದ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆ. ಆದರೂ ದಾರಿಯಲ್ಲಿ ಒಂದು ಕಡೆ ಜೀಪು ಗುಂಡಿಗೆ ಬಿದ್ದು ಗಿಟಾರಿನ ತಲೆ ಬಾಗಿಲಿಗೆ ಬಡಿದಿತ್ತು. ಗವಸು ತೆಗೆದು ಒಂದು ಸಲ ಮೀಟಿ ನೋಡಿದೆ. ಮೇಲಿನಿಂದ ಎರಡನೆಯ ತಂತಿ ಸಡಿಲಾಗಿ ಗೊರಗೊರ ಎಂದಿತು. ಅದರ ಕೀಲಿ ತಿರುಗಿಹೋಗಿತ್ತು. ಉಳಿದ ಮೂರೂ ಬಿಸಿಲಿಗೆ ಇಳಿದಿದ್ದವು.

ನನ್ನ ಮುಖ ನೋಡಿಯೇ ಸುರೇಂದ್ರನಿಗೆ ತಿಳಿಯಿತು. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಕ್ಕಾ, ಪರ್ವಾಲೇದು. ಬಾಸ್ ನಾನು ಕೀಬೋರ್ಡಿನಲ್ಲಿ ಹಾಕ್ತೀನಿ. ನೀವು ಹಿಡಕೊಂಡು ನಿಂತ್ಕೊಳ್ಳಿ, ಚಾಲು, ಅಷ್ಟು ಸಾಕು. ಯಾರಿಗೂ ಗೊತ್ತಾಗಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಹಾಗೆ ಮಾಡಿದ್ದರೆ ನಿಜವಾಗಿಯೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ಕೀಲಿ ಇವರು ಬಿಟ್ಟುಹೋದ ಹಾಗೆಯೇ ಉಳಿಯುತ್ತಿದ್ದವು. ನಾನು ವೇದಿಕೆಯ ಮೇಲಿಂದ ನೋಡಿದೆ. ಮಂಜುಳಾ ಗಂಡನ ಪಕ್ಕ ನಿಂತು, ಉಡುಗೊರೆ ಕೊಡುವವರ ಜೊತೆ ಫೋಟೋಕ್ಕೆ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳು ಕಪಾಟಿಗೆ ಒರಗಿ ಮಲಗಿದ್ದು ನೆನಪಾಯಿತು. ಬೆನ್ನಿನಿಂದ ಬಾಸ್ ಕೇಳಿದ ಹುಡುಗಿ ಅವಳು. ಉಳಿದ ಸಾವಿರ ಜನಕ್ಕೆ ಗೊತ್ತಾಗದಿದ್ದರೂ ಅವಳಿಗೆ ಗೊತ್ತಾಗುತ್ತದೆ.

"ಬ್ಯಾಡ ಸುರೇಂದ್ರ. ನನಗ ಆ ಸ್ವರ ಕೊಡು" ಎಂದೆ.

ಅವನು ಒಂದು ಸ್ವರ ಒತ್ತಿ ಹಿಡಿದ. ನಾನು ಕೀಲಿಗೆ ಕೈ ಹಾಕಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ. ಲೋಹ ಬಿಸಿಲಿಗೆ ಬೆಚ್ಚಗಾಗಿತ್ತು. ಇವರು ಹೇಗೆ ಮಾಡುತ್ತಿದ್ದರೆಂದು ನೋಡಿದ್ದೆ. ನೇರವಾಗಿ ಏರಿಸುತ್ತಿರಲಿಲ್ಲ. ಮೊದಲು ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಆಮೇಲೆ ಕೆಳಗಿನಿಂದ ಮೆಲ್ಲಗೆ ಮೇಲೆ ತರುತ್ತಿದ್ದರು. "ಮ್ಯಾಲಿಂದ ಇಳಿಸಿದ್ರ ಮತ್ತ ಜಾರತೈತಿ. ಕೆಳಗಿಂದ ಬಂದದ್ದು ನಿಂತಕೊಳ್ತೈತಿ" ಎನ್ನುತ್ತಿದ್ದರು. ಹಾಗೆಯೇ ಮಾಡಿದೆ. ಸುರೇಂದ್ರನ ಸ್ವರದ ಪಕ್ಕದಲ್ಲಿ ನನ್ನ ತಂತಿ ಮೊದಲು ನಡುಗಿತು, ಆಮೇಲೆ ನಡುಕ ನಿಧಾನವಾಯಿತು, ಆಮೇಲೆ ನಿಂತಿತು. ಎರಡೂ ಒಂದಾದವು.

ಮಾಬು ಅಣ್ಣ ತಮ್ಮ ಡ್ರಮ್ಮಿನ ಹಿಂದಿನಿಂದ ನೋಡುತ್ತಿದ್ದರು. "ಇನ್ನ ಮೂರು ಅದಾವ ಬೇಟಿ" ಎಂದರು. ಅಷ್ಟೇ ಅಂದರು. ಉಳಿದ ಮೂರನ್ನೂ ತಿರುಗಿಸಿದೆ. ಈಗ ಆ ಗಿಟಾರಿನ ಮೇಲೆ ಇವರು ನಿಲ್ಲಿಸಿಟ್ಟದ್ದು ಏನೂ ಉಳಿಯಲಿಲ್ಲ. ನಾನು ಬಿಕ್ಕಿ ಅಳುತ್ತೇನೆಂದು ಹೆದರಿದ್ದೆ. ಅಳು ಬರಲಿಲ್ಲ. ನುಡಿಸಬೇಕು ಎಂಬುದೊಂದೇ ಇತ್ತು.

ಅಷ್ಟರಲ್ಲಿ ಬೀಗರ ಕಡೆಯ ಒಬ್ಬ ಹಿರಿಯರು ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದು ನಿಂತರು. "ಏನವಾ, ಇದರ ಎರಡು ತಂತಿ ಎಲ್ಲಿ ಹೋದುವು?" ಎಂದು ಕೇಳಿದರು.

"ಬಟ್ಟಿ ಒಣಹಾಕೀನ್ರಿ" ಎಂದೆ.

ನನ್ನ ಹಿಂದೆ ಮಾಬು ಅಣ್ಣನ ಕೋಲು ಕೈಯಿಂದ ಜಾರಿ ಹಲಗೆಯ ಮೇಲೆ ಬಿತ್ತು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ನಾನು ತಿರುಗಿ ನೋಡಲಿಲ್ಲ.

ಹಾಡು ಶುರುವಾಯಿತು. ಪಲ್ಲವಿಯಲ್ಲಿ ಒಂದು ಕಡೆ ಬೆರಳು ತಪ್ಪಿ ಬೇರೆ ಸ್ವರ ಬಂತು. ಹಿಂದೆ ಹೋಗಲಿಲ್ಲ, ಮುಂದೆ ನಡೆದೆ. 'ನಡೆಯುವವ'ನನ್ನು ನೆನೆದುಕೊಂಡೆ. ಕೊನೆಯ ಚರಣ ಬಂತು. 'ತಡಮಾಡುವವ' ಕಾಯುವ ಜಾಗ. ಅಲ್ಲಿ ನಾನು ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾದೆ. ಪದ್ಮಕ್ಕ ಒಬ್ಬರೇ ಹಾಡಿದರು. ಆ ಒಂದೆರಡು ಮಾತಿನಷ್ಟು ಹೊತ್ತು ಕಾಯುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ಕೈ ತಾನೇ ತಾನಾಗಿ ತಂತಿಯ ಕಡೆ ಹೋಗಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕು.

ಆಗ ಮಂಜುಳಾ ತಲೆ ಎತ್ತಿ ನೋಡಿದಳು. ಫೋಟೋದವನು "ಇಲ್ಲಿ ನೋಡಮ್ಮಾ, ಇಲ್ಲಿ" ಎನ್ನುತ್ತಿದ್ದ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಅಂಗೈ ಎತ್ತಿ ಮೆಲ್ಲಗೆ ಒಳಗೆ ಬಂದೆ. ಅವಳ ಕಣ್ಣಿನಿಂದ ನೀರು ಇಳಿದದ್ದು ಅಷ್ಟು ದೂರದಿಂದಲೂ ಕಂಡಿತು. ಅವಳ ಗಂಡ ಗಾಬರಿಯಾಗಿ ಏನೋ ಕೇಳಿದ. ಅವಳು ಬೆರಳು ತೋರಿಸಿ ಅವನಿಗೂ ಕೇಳಿಸಿಕೋ ಎಂದಳು.

ಹಾಡು ಮುಗಿದ ಮೇಲೆ ಪದ್ಮಕ್ಕ ರೂಢಿಯಂತೆ ಮೈಕಿನಲ್ಲಿ ಹೆಸರು ಹೇಳತೊಡಗಿದರು. ಕೀಬೋರ್ಡಿನಲ್ಲಿ ಸುರೇಂದ್ರ, ಡ್ರಮ್ಮಿನಲ್ಲಿ ಮಾಬು. ಇಷ್ಟು ವರ್ಷ ಅವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬಾಸ್ ಗಿಟಾರಿನವರ ಹೆಸರು ಹೇಳುವ ಪದ್ಧತಿ ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿಯೂ ಇರಲಿಲ್ಲ. ಅವತ್ತು ಅವರು ಒಂದು ಕ್ಷಣ ತಡೆದು, ಮೈಕನ್ನು ನನ್ನ ಕೈಗೆ ಕೊಟ್ಟರು.

"ಈ ಬಾಸ್ ನನಗ ಕಲಿಸಿದೋರ ಹೆಸರು…" ಎಂದು ಶುರುಮಾಡಿ ನಿಂತೆ. ಅತ್ತೆಮನೆಯವರೆಲ್ಲ ಎದುರಿಗೇ ಕುಳಿತಿದ್ದರು. ಹೆಂಗಸರ ಸಾಲಿನಿಂದ ಯಾರೋ ವಿಷಯ ಗೊತ್ತಿಲ್ಲದವರು, "ಒಡಪು ಹಾಕಿ ಹೇಳವಾ!" ಎಂದು ಕೂಗಿದರು. ಪಕ್ಕದವರು ಅವರ ತೊಡೆ ಚಿವುಟಿ ಸುಮ್ಮನಾಗಿಸಿದರು. ಆಗ ಮೊದಲ ಸಾಲಿನಲ್ಲಿದ್ದ ಶಾರದಮ್ಮ ಎದ್ದು ನಿಂತು ಗಟ್ಟಿಯಾಗಿ, "ಹಂಗೇ ಹೇಳು, ಒಡಪು ಗಿಡಪು ಬ್ಯಾಡ. ಅಂವನ ಹೆಸರು ಹೇಳು" ಎಂದರು.

ಹೇಳಿದೆ. ಸ್ಪೀಕರಿನಲ್ಲಿ ಆ ಹೆಸರು ಬಯಲಿನ ಆಚೆಯವರೆಗೆ ಹೋಗಿ ಕೇಳಿಸಿತು.

ಈಗ ನಾನು ವಾರಕ್ಕೊಮ್ಮೆಯಾದರೂ ಗಿಟಾರಿನ ಕೀಲಿಗಳನ್ನು ತಿರುಗಿಸಿ ಶ್ರುತಿ ಮಾಡುತ್ತೇನೆ. ಅರ್ಧ ಸ್ವರ ಕೆಳಗೆ, ಇವರು ಇಟ್ಟಲ್ಲಿಗೇ. ಮುಟ್ಟದೆ ಕಾದಿಟ್ಟಿದ್ದರೆ ತಂತಿಗಳು ತುಕ್ಕು ಹಿಡಿದು, ಇಷ್ಟಿಷ್ಟೇ ಇಳಿದು, ಒಂದು ದಿನ ಇವರ ಶ್ರುತಿ ಅಲ್ಲಿಂದ ತಾನಾಗಿಯೇ ಹೋಗಿಬಿಡುತ್ತಿತ್ತು. ಈಗ ದಿನವೂ ನುಡಿಸುತ್ತೇನೆ. ಮಾಬು ಅಣ್ಣ ಇನ್ನೆರಡು ಹಾಡು ಕಲಿತುಕೋ ಎಂದಿದ್ದಾರೆ. ಕಲಿಯುತ್ತಿದ್ದೇನೆ. ಬೆರಳಿನ ಬೊಬ್ಬೆ ಆರಿ ಗಟ್ಟಿಯಾಗಿವೆ. ಸೂಜಿ ಚುಚ್ಚಿದರೂ ಈಗ ತಿಳಿಯುವುದಿಲ್ಲ.

ನಿಮಗೆ ಇಷ್ಟವಾದ ಬಾಸ್ ವಾದಕರು ಯಾರೆಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಲು ನನ್ನ ಹತ್ತಿರ ನಾಲ್ವರಿದ್ದಾರೆ. ನಡೆಯುವವ, ಜಾರುವವ, ತಡಮಾಡುವವ. ಈ ಮೂವರ ಹೆಸರು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನಾಲ್ಕನೆಯವರ ಹೆಸರು ಗೊತ್ತಿದೆ. ಯಾವ ಕವರಿನ ಮೇಲೂ ಅದು ಅಚ್ಚಾಗಿಲ್ಲ. ಇಲ್ಲಿ ಅಚ್ಚಾಗಲಿ ಎಂದು ಇದನ್ನೆಲ್ಲ ಬರೆದೆ.

ಆದೋನಿಯ ವಿರೂಪಾಕ್ಷಪ್ಪ.